ಮಿಂಚುಳ್ಳಿಯ ತೂಕ

ತಿಪಟೂರು ಸೀಮೆಯ ನಮ್ಮ ತೋಟದ ಮೂಲೆಯಲ್ಲಿ ತಾತ ತೋಡಿಸಿದ ಒಂದು ಕಪಿಲೆ ಬಾವಿ ಇತ್ತು. ನಾನು ಚಿಕ್ಕವನಾಗಿದ್ದಾಗ ಎತ್ತುಗಳು ಇಳಿಜಾರಿನಲ್ಲಿ ಹೆಜ್ಜೆ ಹಾಕಿದಂತೆಲ್ಲ ಚರ್ಮದ ಬಾನಿ ಮೇಲಕ್ಕೆ ಬಂದು ತೊಟ್ಟಿಗೆ ನೀರು ಸುರಿಯುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಪಂಪ್‌ಸೆಟ್ ಬಂತು, ಎತ್ತುಗಳು ಹೋದವು. ಬೋರ್‌ವೆಲ್ ಬಂತು, ಬಾವಿಯ ನೀರು ಹೋಯಿತು. ಕೊನೆಗೆ ಉಳಿದದ್ದು ಮೂವತ್ತು ಅಡಿಯ ಒಂದು ಹಾಳು ಗುಂಡಿ, ತಳದಲ್ಲಿ ಮೊಣಕಾಲುದ್ದ ಪಾಚಿಗಟ್ಟಿದ ನೀರು, ಸುತ್ತ ಲಂಟಾನದ ಪೊದೆ. ಒಂದು ಬದಿಯ ಕಲ್ಲುಕಟ್ಟಡ ಕುಸಿದು ಒಳಗಿನ ಕೆಂಪು ಮಣ್ಣು ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು.

2019ರ ಏಪ್ರಿಲ್‌ನಲ್ಲಿ ನನ್ನ ತಮ್ಮ ಆ ಬಾವಿ ಮುಚ್ಚಿಸಲು ನಿರ್ಧರಿಸಿದ. ಅವನದೇನೂ ತಪ್ಪಿಲ್ಲ. ಬೇಸಿಗೆ ರಜಕ್ಕೆ ಬೆಂಗಳೂರಿನಿಂದ ಅವನ ಮೊಮ್ಮಗ ಬರುವವನಿದ್ದ. ನಾಲ್ಕು ವರ್ಷದ ಹುಡುಗ. ಒಂದು ಕಡೆ ಕೂತಲ್ಲಿ ಕೂರುವ ಜಾತಿಯಲ್ಲ. ತೋಟ ನೋಡಿಕೊಳ್ಳುವವನು ತಮ್ಮ. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದು, ಅವನು ಬೆಳೆದದ್ದನ್ನು ಉಂಡುಕೊಂಡು, ಹಕ್ಕಿ ನೋಡಿಕೊಂಡು ಇರುವವನು. ಸೋಮವಾರ ಜೇಸಿಬಿ ಬರುವುದೆಂದು ಗೊತ್ತಾಯಿತು. ಐನೂರು ರೂಪಾಯಿ ಮುಂಗಡವನ್ನೂ ಅವನು ಕೊಟ್ಟಿದ್ದ.

ಶನಿವಾರ ಸಂಜೆ, ತಾತನ ಬಾವಿಯನ್ನು ಕಡೆಯ ಸಲ ನೋಡಿಬರೋಣವೆಂದು ಹೋದೆ. ಕಪಿಲೆಯ ಇಳಿಜಾರಿನ ತಲೆಯಲ್ಲಿ ನಿಂತಿದ್ದೆ. ನೀಲಿಯದೊಂದು ಗೆರೆ ನನ್ನ ಕಿವಿಯ ಪಕ್ಕದಲ್ಲೇ ಎಳೆದಂತಾಯಿತು. ನೋಡುತ್ತೇನೆ, ಬಾಯಲ್ಲಿ ಒಂದು ಮಿಡತೆ ಕಚ್ಚಿಕೊಂಡ ಮಿಂಚುಳ್ಳಿ ಆ ಕೆಂಪು ಮಣ್ಣಿನ ಗೋಡೆಯಲ್ಲಿದ್ದ ತೂತಿನೊಳಗೆ ನುಗ್ಗಿ ಮರೆಯಾಯಿತು. ಬಾವಿಯ ಬಾಯಿಂದ ನಾಲ್ಕಡಿ ಕೆಳಗೆ, ಒಂದು ಮುಷ್ಟಿ ತೂರುವಷ್ಟು ತೂತು. ಸ್ವಲ್ಪ ಹೊತ್ತಿಗೆ ಹೊರಬಂತು. ಬಾಯಲ್ಲಿ ಮಿಡತೆ ಇರಲಿಲ್ಲ. ಒಳಗೆ ಮರಿಗಳಿವೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಓದುಗರಿಗೆ ಈ ಹಕ್ಕಿಯ ಪರಿಚಯ ಇದ್ದೇ ಇರುತ್ತದೆ. ಗದ್ದೆ ಮಿಂಚುಳ್ಳಿ ಎನ್ನುವುದು ಇದನ್ನೇ. ಚಾಕಲೇಟು ಬಣ್ಣದ ತಲೆ, ಊಟಕ್ಕೆ ಕೂತ ಮಗುವಿಗೆ ಎದೆಬಟ್ಟೆ ಕಟ್ಟಿದಂತೆ ಬೆಳ್ಳಗಿನ ಕತ್ತು, ಬೆನ್ನು ರೆಕ್ಕೆಗಳ ಮೇಲೆ ಹೊಳೆಯುವ ನೀಲಿ, ಮೈಗೆ ಮೀರಿದ ಕೆಂಪು ಕೊಕ್ಕು. ಲಿನ್ನೇಯಸ್ ಮಹಾಶಯ 1758ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಡುವಾಗ ಟರ್ಕಿಯ ಸ್ಮಿರ್ನಾ ಪಟ್ಟಣದ ಹೆಸರನ್ನು ಸೇರಿಸಿದ. ಅಲ್ಲಿಂದ ಆಗ್ನೇಯ ಏಷ್ಯಾದವರೆಗೂ ಹರಡಿರುವ ಹಕ್ಕಿ ನಮ್ಮ ಲೈಟುಕಂಬದ ತಂತಿಯ ಮೇಲೂ ಕೂರುತ್ತದೆ. ಇದಕ್ಕೆ ಹೊಳೆ ಕೆರೆಯೇ ಆಗಬೇಕೆಂದಿಲ್ಲ. ಮೀನು ಸಿಕ್ಕರೆ ಮೀನು, ಇಲ್ಲವಾದರೆ ಮಿಡತೆ, ಓತಿಕ್ಯಾತ, ಕಪ್ಪೆ, ಏಡಿ, ಇಲಿಮರಿ. ಒಂದೇ ಕಡೆ ಗಂಟೆಗಟ್ಟಲೆ ಕೂತು ನೆಲ ನೋಡುತ್ತಿದ್ದು, ತಟ್ಟನೆ ಬಿದ್ದು ಹಿಡಿಯುವುದು ಅದರ ಕಸುಬು. ಹಿಡಿದದ್ದನ್ನು ಕೊಂಬೆಗೆ ಬಡಿದು ಬಡಿದು ಮೆತ್ತಗೆ ಮಾಡಿ ನುಂಗುತ್ತದೆ. ಬೇಸಿಗೆಯ ಬೆಳಗಿನಲ್ಲಿ ಮರದ ತುದಿಯಲ್ಲಿ ಕೂತು ಕಿಲಿಲಿಲಿ ಎಂದು ಎಳೆದು ಕೂಗುತ್ತಿದ್ದರೆ ಜೋಡಿ ಕಟ್ಟುವ ಕಾಲ ಬಂತೆಂದು ಅರ್ಥ.

ಗೂಡು ತೋಡುವ ರೀತಿಯಂತೂ ಮೆಚ್ಚುವಂಥದು. ಗಂಡು ಹೆಣ್ಣು ಎರಡೂ ಸೇರಿ ಮಣ್ಣಿನ ಗೋಡೆಗೆ ಕೊಕ್ಕಿನಿಂದ ಕುಟ್ಟಿ ಕುಟ್ಟಿ, ಕಾಲು ನಿಲ್ಲುವಷ್ಟು ಜಾಗವಾದ ಮೇಲೆ ಒಳಗೆ ಕೂತು ಪುಟ್ಟ ಕಾಲುಗಳಿಂದ ಮಣ್ಣನ್ನು ಹಿಂದಕ್ಕೆ ತಳ್ಳುತ್ತ, ಒಂದೂವರೆ ಅಡಿಗೂ ಮಿಕ್ಕಿದ ಸುರಂಗ ಮಾಡುತ್ತವೆ. ಕೊನೆಯಲ್ಲೊಂದು ಅಗಲವಾದ ಕೋಣೆ. ಹುಲ್ಲಿಲ್ಲ, ಹತ್ತಿಯಿಲ್ಲ, ಬರೀ ನೆಲ. ಅದರ ಮೇಲೆ ನಾಲ್ಕರಿಂದ ಏಳು ಬಿಳಿಯ ದುಂಡು ಮೊಟ್ಟೆ. ಇಪ್ಪತ್ತು ಇಪ್ಪತ್ತೆರಡು ದಿನ ಕಾವು. ಹುಟ್ಟುವ ಮರಿಗಳಿಗೆ ಕಣ್ಣಿಲ್ಲ, ಗರಿಯಿಲ್ಲ. ಕತ್ತಲಲ್ಲಿ, ತಿಂದುಬಿಟ್ಟ ಮೂಳೆ ಮುಳ್ಳುಗಳ ನಾತದಲ್ಲಿ ಬೆಳೆದು, ಹತ್ತೊಂಬತ್ತು ಇಪ್ಪತ್ತು ದಿನಕ್ಕೆ ನೀಲಿ ತೊಟ್ಟುಕೊಂಡು ಬೆಳಕಿಗೆ ಬರುತ್ತವೆ. ಅಂದರೆ ನನಗೆ ಬೇಕಾಗಿದ್ದುದು ಹೆಚ್ಚೆಂದರೆ ಮೂರು ವಾರ.

ರಾತ್ರಿ ಊಟದ ಹೊತ್ತಿಗೆ ತಮ್ಮನೊಡನೆ ಮಾತೆತ್ತಿದೆ. ಅವನು ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ಅಪರೂಪದ್ದಾ ಅಣ್ಣಯ್ಯ ಅದು?"

"ಅಪರೂಪವೇನಲ್ಲ. ಎಲ್ಲ ಕಡೆ ಇದೆ."

"ಮತ್ತೆ? ಬೆಳಿಗ್ಗೆ ಎದ್ರೆ ತಂತಿ ಮ್ಯಾಲೆ ಹತ್ತು ನೋಡ್ತೀನಿ. ಒಂದು ಗೂಡು ಹೋದ್ರೆ ಏನು ಮುಳುಗೋಯ್ತದೆ? ಹುಡುಗ ಬಿದ್ರೆ ನೀನು ತಂದುಕೊಡ್ತೀಯಾ?"

ನನ್ನಲ್ಲಿ ಉತ್ತರವಿರಲಿಲ್ಲ. ಮಗುವಿನ ಪ್ರಶ್ನೆಗೆ ಉತ್ತರವಿಲ್ಲದಿದ್ದುದು ಸಹಜ; ಅದಕ್ಕೆ ಯಾರಲ್ಲೂ ಇರುವುದಿಲ್ಲ. ಆದರೆ ನನ್ನನ್ನು ಕಾಡಿದ್ದು ಅವನ ಮೊದಲನೆಯ ಪ್ರಶ್ನೆ. ಅಪರೂಪದ್ದೇ? ಹೌದು ಎಂದಿದ್ದರೆ ಅವನು ಒಪ್ಪುತ್ತಿದ್ದನೋ ಏನೋ. ಅವನೊಬ್ಬನೇ ಏಕೆ, ಸರಕಾರವೂ ಒಪ್ಪುತ್ತಿತ್ತು, ಪತ್ರಿಕೆಯವರು ಫೋಟೋ ಹಿಡಿದು ಹೋಗುತ್ತಿದ್ದರು. ಹಾಗಾದರೆ ಒಂದು ಜೀವಕ್ಕೆ ಬೆಲೆ ಬರುವುದು ಅದರ ಬಳಗ ಎಷ್ಟಕ್ಕೆ ಇಳಿದಾಗ? ಸಾವಿರಕ್ಕೋ, ನೂರಕ್ಕೋ, ಹತ್ತಕ್ಕೋ? ಆ ತೂತಿನೊಳಗೆ ಕಣ್ಣು ಬಿಡದೆ ಕೂತಿರುವ ಮರಿಗೆ ತನ್ನಂಥವು ಲೋಕದಲ್ಲಿ ಲಕ್ಷ ಇವೆ ಎಂಬುದರಿಂದ ಮಣ್ಣು ಬೀಳುವಾಗ ಏನು ಸಮಾಧಾನ?

ಈ ಪ್ರಶ್ನೆ ಆಮೇಲೂ ನನ್ನನ್ನು ಬಿಡಲಿಲ್ಲ. ಕೆಲವು ವರ್ಷ ಕಳೆದು ಗುವಾಮ್ ಎಂಬ ಪೆಸಿಫಿಕ್ ದ್ವೀಪದ ಮಿಂಚುಳ್ಳಿಯ ಕಥೆ ಓದಿದಾಗ ಮತ್ತೆ ಎದ್ದಿತು. ಅಲ್ಲಿಯ ಜನ ಅದನ್ನು ಸಿಹೆಕ್ ಎನ್ನುತ್ತಾರೆ. ನಮ್ಮದರ ದೂರದ ನಂಟ. ಎರಡನೆಯ ಮಹಾಯುದ್ಧ ಮುಗಿಯುವ ಕಾಲಕ್ಕೆ ಸರಕಿನ ಜೊತೆ ಕಂದು ಬಣ್ಣದ ಮರಹಾವೊಂದು ಆ ದ್ವೀಪಕ್ಕೆ ಹೇಗೋ ಬಂದಿಳಿಯಿತು. ಹಾವನ್ನೇ ಅರಿಯದ ಹಕ್ಕಿಗಳನ್ನು ಅದು ಒಂದೊಂದಾಗಿ ಮುಗಿಸಿತು. 1984 ಮತ್ತು 1986ರ ನಡುವೆ ಅಳಿದುಳಿದ ಇಪ್ಪತ್ತೊಂಬತ್ತು ಸಿಹೆಕ್‌ಗಳನ್ನು ಹಿಡಿದು ಅಮೆರಿಕದ ಮೃಗಾಲಯಗಳಿಗೆ ಸಾಗಿಸಿದರು. 1988ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಆ ಇಪ್ಪತ್ತೊಂಬತ್ತರ ಸಂತಾನವನ್ನು ಕೈತುತ್ತು ಹಾಕಿ ಬೆಳೆಸಿ, 2024ರಲ್ಲಿ ಒಂಬತ್ತು ಹಕ್ಕಿಗಳನ್ನು ಹಾವಿಲ್ಲದ ಪಾಲ್ಮೈರಾ ಎಂಬ ಬೇರೊಂದು ಹವಳದ್ವೀಪದಲ್ಲಿ ಬಿಟ್ಟರು. 2025ರಲ್ಲಿ ಅವು ಮೊಟ್ಟೆಯಿಟ್ಟವು. ಕಾಡಿನಲ್ಲಿ ಸಿಹೆಕ್ ಮೊಟ್ಟೆ ಇಟ್ಟು ಹತ್ತಿರ ಹತ್ತಿರ ನಲವತ್ತು ವರ್ಷವಾಗಿತ್ತು.

ಓದಿ ಕಣ್ಣು ತೇವವಾದದ್ದು ನಿಜ. ಆದರೆ ಒಂದು ಯೋಚನೆಯೂ ಬಂತು. ಗುವಾಮಿನಲ್ಲೂ ಒಂದು ಕಾಲಕ್ಕೆ ಅದು ದಿನ ಬೆಳಗಾದರೆ ಕಾಣುತ್ತಿದ್ದ ಹಕ್ಕಿಯೇ. ಒಂದು ಗೂಡು ಹೋದಾಗ ಯಾರೂ ತಲೆ ಕೆಡಿಸಿಕೊಂಡಿರಲಾರರು. ಅಪರೂಪ ಎಂಬುದು ಹುಟ್ಟುಗುಣವಲ್ಲ, ನೋಡದೆ ಹೋದದ್ದು ಕೂಡಿ ಕೂಡಿ ಆಗುವಂಥದು.

ನಮ್ಮ ಮಿಂಚುಳ್ಳಿಗೂ ಅಂಥ ದಿನಗಳು ಬಂದಿದ್ದವು. ಚೀನಾದ ಶ್ರೀಮಂತ ಹೆಂಗಸರ ತಲೆಯೊಡವೆಗಳಿಗೆ ಹರಳಿನ ಬದಲು ಮಿಂಚುಳ್ಳಿಯ ನೀಲಿ ಗರಿ ಅಂಟಿಸುವ ಪದ್ಧತಿ ಶತಮಾನಗಟ್ಟಲೆ ನಡೆದಿತ್ತು. ಯುರೋಪಿನ ಟೋಪಿಗಳಿಗೂ ಹಕ್ಕಿಯ ಗರಿ ಬೇಕಿತ್ತು. ಆ ಕೊಲೆ ಮಿತಿ ಮೀರಿದ್ದರಿಂದಲೇ 1902ರಲ್ಲಿ ಬ್ರಿಟಿಷ್ ಇಂಡಿಯಾದಿಂದ ಗರಿಗಳ ರಫ್ತನ್ನು ನಿಲ್ಲಿಸಿದ್ದು. 1912ರ ಹಕ್ಕಿ ಪ್ರಾಣಿಗಳ ರಕ್ಷಣೆಯ ಕಾಯಿದೆಯಲ್ಲಿ ಮಿಂಚುಳ್ಳಿಯ ಹೆಸರನ್ನೂ ಸೇರಿಸಿದ್ದು. ತಮಾಷೆಯೆಂದರೆ, ಆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ಅರೆದು ನೋಡಿದರೆ ನೀಲಿ ಪುಡಿ ಸಿಗುವುದಿಲ್ಲ. ಗರಿಯ ಒಳಗಿನ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಚದುರಿದಾಗ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ, ಅಷ್ಟೆ. ಇಲ್ಲದ ಬಣ್ಣಕ್ಕಾಗಿ ಇದ್ದ ಜೀವವನ್ನು ತೆಗೆದರು.

ಇದನ್ನು ಬರೆಯುವಾಗ ನನಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ನಾನು ಅಂದು ತಮ್ಮನೊಡನೆ ವಾದಕ್ಕೆ ಇಳಿದದ್ದೂ ಆ ನೀಲಿಗಾಗಿಯೇ ಅಲ್ಲವೇ? ಅದೇ ಬಾವಿಯ ಕಲ್ಲು ಸಂದಿಗಳಲ್ಲಿ ಹೆಗ್ಗಣಗಳಿದ್ದವು. ಅವಕ್ಕೂ ಮರಿಗಳಿದ್ದಿರಬೇಕು. ಅವುಗಳ ಪರವಾಗಿ ನಾನು ಊಟದ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ.

ಅಂತೂ ತಮ್ಮ ಮಣಿದ. ಜೇಸಿಬಿಯವನಿಗೆ ಫೋನು ಮಾಡಿ ಮೂರು ವಾರ ಮುಂದಕ್ಕೆ ಹಾಕಿದ. ಆದರೆ ಒಂದು ಷರತ್ತು. "ಸುತ್ತಲೂ ಬೇಲಿ ನೀನೇ ಹಾಕು. ಇರುವೆ ಕೂಡ ನುಗ್ಗಬಾರದು." ನಾನು ಎರಡು ದಿನ ಬೆವರು ಸುರಿಸಿ ಜಾಲಿ ಮುಳ್ಳು ಕಡಿದು ತಂದು ಮೂರು ಕಡೆ ಎದೆಯೆತ್ತರ ಒಟ್ಟಿದೆ. ಕೈಯೆಲ್ಲ ಗೀರು. ನಾಲ್ಕನೆಯ ಕಡೆ, ಕಪಿಲೆಯ ಇಳಿಜಾರಿನ ತಲೆಯಲ್ಲಿ, ಒಂದಾಳು ತೂರುವಷ್ಟು ಸಂದಿ ಬಿಟ್ಟು ಅಲ್ಲಿ ಒಂದು ಮುಳ್ಳಿನ ಕೊಂಬೆ ಅಡ್ಡ ಇಟ್ಟೆ. ಗೂಡಿನ ಬಾಯಿ ನೇರವಾಗಿ ಕಾಣುತ್ತಿದ್ದುದು ಅಲ್ಲಿಂದ ಮಾತ್ರ. ನಾನು ಬಂದಾಗ ಕೊಂಬೆ ಸರಿಸಿ ಕೂರುತ್ತಿದ್ದೆ, ಹೋಗುವಾಗ ಮತ್ತೆ ಅಡ್ಡ ಇಡುತ್ತಿದ್ದೆ. ಮೊಮ್ಮಗ ಬಂದ ಮೇಲೆ ಅವನನ್ನು ಮನೆಯವರು ಒಂದು ಗಳಿಗೆಯೂ ಕಣ್ಣುತಪ್ಪಿ ಬಿಡಲಿಲ್ಲ.

ಬೆಳಿಗ್ಗೆ ಸಂಜೆ ಅಲ್ಲಿ ಕೂತು ನೋಡಿದ ದಿನಗಳು ನನ್ನ ಬಾಳಿನ ಒಳ್ಳೆಯ ದಿನಗಳು ಎಂದೇ ಹೇಳಬೇಕು. ತಾಯಿ ತಂದೆ ಯಾವುದೆಂದು ಗುರುತು ಹತ್ತುತ್ತಿರಲಿಲ್ಲ. ಎರಡರದೂ ಒಂದೇ ರೂಪ. ಮೊದಮೊದಲು ಸಣ್ಣ ಮಿಡತೆ, ಆಮೇಲಾಮೇಲೆ ದೊಡ್ಡ ಬೇಟೆ. ಹದಿಮೂರನೆಯ ದಿನವೆಂದು ತೋರುತ್ತದೆ, ಒಂದು ಹಕ್ಕಿ ಬಾಯಲ್ಲಿ ಏನನ್ನೋ ಹಿಡಿದು ತೆಂಗಿನ ಗರಿಯ ಮೇಲೆ ಬಂದು ಕೂತಿತು. ಓತಿಯೆಂದುಕೊಂಡೆ. ಕೊಂಬೆಗೆ ಬಡಿಯುವಾಗ ನೋಡಿದರೆ ಅದು ಗರಿ ಆಗತಾನೆ ಮೂಡುತ್ತಿದ್ದ ಒಂದು ಹಕ್ಕಿಮರಿ. ಬಹುಶಃ ರಾಟವಾಳದ್ದು. ನಾಲ್ಕು ಸಲ ಬಡಿದು ಗೂಡಿನೊಳಗೆ ಒಯ್ದಿತು.

ನಾನು ಎದ್ದು ಬಂದುಬಿಟ್ಟೆ. ಒಂದು ಗೂಡು ಉಳಿಸಲು ಹೋಗಿ ಇನ್ನೊಂದು ಗೂಡನ್ನು ಬರಿದು ಮಾಡಿಸಿದೆನೇ ಎಂಬ ಕಸಿವಿಸಿ. ಚಿಕ್ಕಂದಿನಲ್ಲಿ ಕೇಳಿದ ಶಿಬಿಯ ಕಥೆ ನೆನಪಾಯಿತು. ಮಕ್ಕಳಿಗೆ ಅದನ್ನು ಮೂವತ್ತು ವರ್ಷ ಪಾಠ ಹೇಳಿದ್ದೆ. ಪಾರಿವಾಳ ಬಂದು ತೊಡೆಯ ಮೇಲೆ ಬಿದ್ದು ಕಾಪಾಡು ಎನ್ನುತ್ತದೆ. ಬೆನ್ನಟ್ಟಿ ಬಂದ ಗಿಡುಗ, ನನ್ನ ಆಹಾರ ಕಿತ್ತುಕೊಂಡರೆ ನನಗೇನು ಗತಿ ಎನ್ನುತ್ತದೆ. ಪಾಠ ಹೇಳುವಾಗ ನಾನು ಪಾರಿವಾಳದ ಪಕ್ಷವನ್ನೇ ಹಿಡಿಯುತ್ತಿದ್ದೆ, ಮಕ್ಕಳೂ ಹಿಡಿಯುತ್ತಿದ್ದರು. ಇಲ್ಲಿ ಬಾವಿಯ ಕಟ್ಟೆಯ ಮೇಲೆ ಕೂತಾಗ ಗಿಡುಗವೂ ಪಾರಿವಾಳವೂ ಒಂದೇ ಹಕ್ಕಿಯ ಮೈಯಲ್ಲಿದ್ದವು. ಜೇಸಿಬಿಯ ಎದುರು ಪಾರಿವಾಳ. ರಾಟವಾಳದ ಎದುರು ಗಿಡುಗ. ಅದರ ಮೇಲೆ ಸಿಟ್ಟಾಗಲು ಸಾಧ್ಯವಿರಲಿಲ್ಲ. ಅದು ತನ್ನ ಮರಿಗೆ ಉಣಿಸುತ್ತಿತ್ತು. ನಮ್ಮ ಲೆಕ್ಕದ ಪಾಪಪುಣ್ಯವನ್ನು ಅದರ ಕೊಕ್ಕಿಗೆ ಕಟ್ಟುವುದು ಸರಿಯಲ್ಲವೆಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಈಗಲೂ ತಪ್ಪೆನಿಸುವುದಿಲ್ಲ. ಲೆಕ್ಕ ಕೊಡಬೇಕಾದವನು ನಾನು, ಹಕ್ಕಿಯಲ್ಲ.

ಆ ಲೆಕ್ಕ ಕೇಳುವ ದಿನ ಬೇಗನೆ ಬಂತು. ಹದಿನಾರನೆಯ ದಿನ ಬೆಳಿಗ್ಗೆ ಹೋದಾಗ ನನ್ನ ಮುಳ್ಳಿನ ಕೊಂಬೆ ಪಕ್ಕಕ್ಕೆ ಜರುಗಿತ್ತು. ಹಿಂದಿನ ಸಂಜೆ ಕತ್ತಲಾಯಿತೆಂದು ಅವಸರದಲ್ಲಿ ಸರಿಯಾಗಿ ಇಡದೆ ಬಂದಿದ್ದೆನೋ, ಮೇಕೆಯೇ ತಳ್ಳಿತೋ, ಹೇಳಲಾರೆ. ಕೆಳಗೆ ಬಗ್ಗಿ ನೋಡಿದರೆ ಪಾಚಿ ನೀರಿನಲ್ಲಿ ಒಂದು ಕರಿಯ ಮೇಕೆಮರಿ ತೇಲುತ್ತಿತ್ತು. ಪಕ್ಕದ ಹೊಲದ ಅಜ್ಜಿಯದು. ಅವಳಿಗಿದ್ದುದು ಎರಡು ಮೇಕೆ, ಈ ಒಂದು ಮರಿ.

ತಮ್ಮ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹಗ್ಗ ಕಟ್ಟಿ ಆಳು ಇಳಿಸಿ ಮರಿಯನ್ನು ಮೇಲಕ್ಕೆತ್ತಿಸಿದ. ನಾನು ಮೂರು ಸಾವಿರ ರೂಪಾಯಿ ತೆಗೆದುಕೊಂಡು ಅಜ್ಜಿಯ ಗುಡಿಸಲಿಗೆ ಹೋದೆ. ಅವಳು ದುಡ್ಡನ್ನು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಬಯ್ಯಲಿಲ್ಲ. "ದುಡ್ಡೇನೋ ಸರಿ ಮೇಷ್ಟ್ರೇ. ಇದರ ತಾಯಿ ನಿನ್ನೆ ಸಂಜೆಯಿಂದ ಒಂದೇ ಸಮ ಕೂಗ್ತೈತೆ. ಅದಕ್ಕೇನು ಕೊಡ್ತೀರಿ?" ಎಂದಳು. ಗುಡಿಸಲ ಪಕ್ಕ ಕಟ್ಟಿದ್ದ ಮೇಕೆ ನಿಜಕ್ಕೂ ಕೂಗುತ್ತಿತ್ತು.

ಶಿಬಿ ತಕ್ಕಡಿಯಲ್ಲಿಟ್ಟದ್ದು ತನ್ನ ತೊಡೆಯ ಮಾಂಸ. ಸಾಲದೆ ಬಂದಾಗ ತಾನೇ ಹತ್ತಿ ಕೂತ. ನಾನು ಇಟ್ಟದ್ದು ಅಜ್ಜಿಯ ಮೇಕೆಮರಿ. ಗದ್ದೆ ಮಿಂಚುಳ್ಳಿಯ ತೂಕ ಎಷ್ಟು? ಎಂಬತ್ತು ತೊಂಬತ್ತು ಗ್ರಾಂ. ಅಂಗೈಯಲ್ಲಿ ಇಟ್ಟರೆ ಇದ್ದದ್ದೇ ತಿಳಿಯದಷ್ಟು. ಆದರೆ ಅದನ್ನು ತಕ್ಕಡಿಯ ಒಂದು ಕಡೆ ಇಟ್ಟಮೇಲೆ ಇನ್ನೊಂದು ಕಡೆಗೆ ಯಾರಾದರೂ ಏನಾದರೂ ಹಾಕಲೇಬೇಕು. ದಯೆ ತೋರಿಸುವವರು ಬಹಳ ಸಲ ಮರೆಯುವುದು ಇದನ್ನೇ. ಕಾಡು ಉಳಿಯಬೇಕೆಂದು ಪೇಟೆಯಲ್ಲಿ ಕೂತವನು ಹೇಳುತ್ತಾನೆ, ಆನೆ ತುಳಿದ ಭತ್ತ ಕಾಡಂಚಿನವನದು. ಹಕ್ಕಿ ಉಳಿಯಬೇಕೆಂದು ನಾನು ಹೇಳಿದೆ, ಮೇಕೆ ಅಜ್ಜಿಯದು.

ಹಾಗಾದರೆ ಅಂದು ಮಣ್ಣು ಹಾಕಿಸಿಬಿಡಬೇಕಿತ್ತೇ? ಎಷ್ಟೋ ರಾತ್ರಿ ಇದನ್ನು ತಿರುವಿ ಹಾಕಿದ್ದೇನೆ. ಹೌದೆನ್ನಲು ಮನಸ್ಸು ಒಪ್ಪುವುದಿಲ್ಲ, ಒಪ್ಪದಿರುವುದು ಬರೀ ಹಟದಿಂದಲ್ಲ. ಮೂರು ವಾರ ಕಾಯುವುದು ನಮ್ಮ ಕೈಯಲ್ಲಿತ್ತು. ಬೇಲಿ ನಾಲ್ಕೂ ಕಡೆ ಹಾಕಿದ್ದರೆ ಹಕ್ಕಿಯೂ ಉಳಿಯುತ್ತಿತ್ತು, ಮೇಕೆಯೂ ಉಳಿಯುತ್ತಿತ್ತು. ತಪ್ಪಾದದ್ದು ಕಾದದ್ದರಲ್ಲಿ ಅಲ್ಲ, ಸಂದಿ ಬಿಟ್ಟದ್ದರಲ್ಲಿ. ಆ ಸಂದಿ ಹಕ್ಕಿಗಾಗಿ ಬಿಟ್ಟದ್ದಲ್ಲ. ಹಕ್ಕಿಗೆ ಆಕಾಶವೇ ಇತ್ತು. ಸಂದಿ ಬೇಕಾಗಿದ್ದುದು ನನ್ನ ಕಣ್ಣಿಗೆ. ಹಕ್ಕಿಯನ್ನು ಪ್ರೀತಿಸುತ್ತೇನೆಂದು ನಾನು ತಿಳಿದದ್ದರಲ್ಲಿ ಅರ್ಧ, ಹಕ್ಕಿಯನ್ನು ನೋಡುವ ನನ್ನ ಸುಖದ ಪ್ರೀತಿ. ಗರಿಯನ್ನು ತಲೆಗೆ ಸಿಕ್ಕಿಸಿಕೊಂಡವರಿಗೂ ನನಗೂ ಅಂತರ ಇದೆ ನಿಜ, ನಾನು ಕೊಲ್ಲಲಿಲ್ಲ. ಆದರೆ ನಾನು ತಿಳಿದುಕೊಂಡಿದ್ದಷ್ಟು ದೊಡ್ಡ ಅಂತರವಲ್ಲ.

ಆ ಸಂಜೆಯೇ ಸಂದಿಯನ್ನು ಮುಚ್ಚಿದೆ. ಆಮೇಲೆ ಒಳಗೆ ಹೋಗಲಿಲ್ಲ. ಇನ್ನೂ ನಾಲ್ಕು ದಿನ ಕಳೆದ ಮೇಲೆ, ದೂರದ ಹಲಸಿನ ಮರದ ಬುಡದಲ್ಲಿ ನಿಂತಿದ್ದಾಗ, ಬಾವಿಯ ಕಡೆಯಿಂದ ಮೂರು ಮರಿಗಳು ತಟಪಟ ಹಾರಿಬಂದು ತಂತಿಯ ಮೇಲೆ ಸಾಲಾಗಿ ಕೂತವು. ಒಳಗೆ ಎಷ್ಟಿದ್ದವೋ, ಬಂದದ್ದು ಮೂರು. ನೋಡಿ ಸಂತೋಷವಾಯಿತೇ ಎಂದರೆ ಆಯಿತು. ಮೇಕೆಯ ಕೂಗು ಕಿವಿಯಲ್ಲಿ ಇತ್ತೇ ಎಂದರೆ ಇತ್ತು. ಎರಡೂ ಒಟ್ಟಿಗೇ ಇದ್ದವು, ಒಂದು ಇನ್ನೊಂದನ್ನು ಅಳಿಸಲಿಲ್ಲ.

ಮರುವಾರ ಜೇಸಿಬಿ ಬಂತು. ಬಾವಿ ತುಂಬಲು ಮಣ್ಣು ಬೇಕಲ್ಲ, ತೋಟದಾಚೆಯ ದಿಬ್ಬವನ್ನು ಕೊರೆದರು. ಸಂಜೆ ಹೋಗಿ ನೋಡಿದರೆ ದಿಬ್ಬದ ಒಂದು ಮಗ್ಗುಲನ್ನು ಹತ್ತಡಿ ಎತ್ತರಕ್ಕೆ ಗೋಡೆಯಂತೆ ನೆಟ್ಟಗೆ ಕೊಯ್ದು ಬಿಟ್ಟಿತ್ತು. ಇಳಿಜಾರು ಮಾಡಿಸದೆ ಹೀಗೇಕೆ ಬಿಟ್ಟೆ ಎಂದು ತಮ್ಮನನ್ನು ಕೇಳಿದೆ. ಅವನು ಬೀಡಿ ಹಚ್ಚುತ್ತ, "ನಿನ್ನ ಹಕ್ಕಿ ಬರೋ ವರ್ಷ ಎಲ್ಲಿಗೆ ಹೋಯ್ತದೆ? ಡ್ರೈವರ್‌ಗೆ ಹೇಳಿ ನೆಟ್ಟಗೆ ಕೊಯ್ಸಿದೆ. ಇಲ್ಲಿ ಬಿದ್ದು ಸಾಯೋಕೆ ಗುಂಡಿ ಇಲ್ಲ" ಎಂದ. ಅವನು ಶಿಬಿಯ ಪಾಠ ಯಾರಿಗೂ ಹೇಳಿದವನಲ್ಲ.

ಮರುವರ್ಷ ಆ ಗೋಡೆಗೆ ಮಿಂಚುಳ್ಳಿ ಬರಲಿಲ್ಲ. ಕಳ್ಳಿಪೀರಗಳು ಬಂದು ನಾಲ್ಕಾರು ಸಣ್ಣ ತೂತು ಕೊರೆದವು. ಮೂರನೆಯ ಬೇಸಿಗೆಯಲ್ಲಿ ಅವುಗಳ ನಡುವೆ ಮುಷ್ಟಿ ತೂರುವಷ್ಟು ದೊಡ್ಡದೊಂದು ತೂತು ಕಂಡಿತು. ಹತ್ತಿರ ಹೋಗಿಲ್ಲ. ಅಜ್ಜಿಯ ಮೇಕೆಗಳು ಈಗ ನಾಲ್ಕಾಗಿವೆ. ಆ ದಿಬ್ಬದ ಮೇಲೇ ಮೇಯುತ್ತವೆ. ಹಲಸಿನ ಮರದ ಬುಡದಿಂದ ನೋಡಿದರೆ ಎರಡೂ ಕಾಣುತ್ತವೆ, ಅಷ್ಟೇನೂ ಸ್ಪಷ್ಟವಾಗಿ ಅಲ್ಲ.